ಪ್ರವೇಶ ಪರೀಕ್ಷೆಗಳಲ್ಲಿ ತರ್ಕದ ಪ್ರಶ್ನೆಗಳು

ಕಳೆದ ಮಾಘಮಾಸದ ಒಂದು ಸಂಜೆ ನನ್ನ ಅಕ್ಕನ ಮಗನು ತನ್ನ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದನು. ಹುಡುಗಿ ಬಿ.ಕಾಂ. ಪದವೀಧರೆ, ಓದಿನಲ್ಲಿ ಎಂದೂ ಹಿಂದೆ ಬಿದ್ದವಳಲ್ಲ. ಮ್ಯಾನೇಜ್‌ಮೆಂಟ್ ವಿದ್ಯೆಯನ್ನು ಕಲಿಯಬೇಕೆಂಬ ಆಶೆಯಿಂದ ಅವಳು ಪ್ರವೇಶ ಪರೀಕ್ಷೆಯನ್ನು ಬರೆದಿದ್ದಳು. ಫಲಿತಾಂಶವು ಬಂದು ಕೆಲವು ದಿನಗಳಾಗಿದ್ದುವು. ಕಾಫಿಯ ಲೋಟವನ್ನು ಕೆಳಗಿಟ್ಟು ತಂದೆಯು ಹೀಗೆಂದನು: “ಮಾವ, ಮಿಕ್ಕ ಎರಡು ಭಾಗಗಳಲ್ಲಿ ಚೆನ್ನಾಗಿಯೇ ಮಾಡಿದ್ದಾಳೆ. ತರ್ಕದ ಭಾಗದಲ್ಲಿ ಮಾತ್ರ ಏನೂ ಇಲ್ಲ. ಅದು ಹುಟ್ಟುಬುದ್ಧಿಯ ಮಾತು, ಓದಿ ಬರತಕ್ಕದ್ದಲ್ಲ. ಇನ್ನು ಈ ಪರೀಕ್ಷೆಯ ಗೊಡವೆ ಸಾಕು, ಎಲ್ಲಿಯಾದರೂ ಕೆಲಸಕ್ಕೆ ಸೇರಲಿ ಎಂದು ತೀರ್ಮಾನ ಮಾಡಿದ್ದೇನೆ.” ಹುಡುಗಿಯು ಮಾತನಾಡಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನೆಲವನ್ನು ನೋಡುತ್ತ ಕುಳಿತಿದ್ದಳು.

ನಾನು ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು ಈಗ ಮನೆಯಲ್ಲಿ ಕುಳಿತಿರುವ ಉಪಾಧ್ಯಾಯ. ವ್ಯಾಪಾರ ವ್ಯವಹಾರಗಳ ವಿದ್ಯೆಯು ನನಗೆ ತಿಳಿಯದು. ಆದರೆ ಎಳೆಯ ವಯಸ್ಸಿನಲ್ಲಿ ಗುರುಗಳ ಎದುರಿಗೆ ಕುಳಿತು ತರ್ಕಸಂಗ್ರಹವನ್ನು ಪಾಠಮಾಡಿಸಿಕೊಂಡವನಾದುದರಿಂದ, ತರ್ಕವು ಹುಟ್ಟುಬುದ್ಧಿಯೆಂಬ ಮಾತು ಮಾತ್ರ ನನ್ನ ಮನಸ್ಸಿಗೆ ಒಪ್ಪಲಿಲ್ಲ. ಹಾಗಿದ್ದ ಪಕ್ಷದಲ್ಲಿ ನಮ್ಮ ಹಿರಿಯರು ಅದಕ್ಕೊಂದು ಶಾಸ್ತ್ರವನ್ನು ಬರೆದು, ಶಿಷ್ಯರನ್ನು ಕೂಡಿಸಿಕೊಂಡು ಪಾಠ ಹೇಳುತ್ತಿದ್ದುದೇಕೆ? “ತೀರ್ಮಾನವನ್ನು ಮೂರು ತಿಂಗಳು ಮುಂದಕ್ಕೆ ಹಾಕಪ್ಪ. ಅಷ್ಟರವರೆಗೆ ವಾರಕ್ಕೆರಡು ದಿನ ಮಗುವನ್ನು ನನ್ನ ಬಳಿಗೆ ಕಳುಹಿಸು” ಎಂದು ಹೇಳಿ ಆ ಪ್ರಶ್ನೆಗಳ ಪುಸ್ತಕವನ್ನು ಇಸಿದುಕೊಂಡೆನು. ಆ ಮೂರು ತಿಂಗಳುಗಳಲ್ಲಿ ನಾವಿಬ್ಬರೂ ಕಲಿತುದನ್ನು, ಇಂಥ ಮಕ್ಕಳಿರುವ ಇತರ ಗೃಹಸ್ಥರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಪರೀಕ್ಷೆಗಳ ವಿಚಾರವಾಗಿ ಎರಡು ಮಾತು. ಇವುಗಳಲ್ಲಿ ಹೆಸರಾದುದು ಕ್ಯಾಟ್ ಎಂಬುದು. ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಗಳು ಪ್ರತಿವರ್ಷವೂ ಇದನ್ನು ನಡೆಸುತ್ತವೆ. ಇವುಗಳಲ್ಲಿ ಕಲ್ಕತ್ತೆಯದೂ ಅಹಮದಾಬಾದಿನದೂ 1961ರಲ್ಲಿಯೂ, ನಮ್ಮ ಬೆಂಗಳೂರಿನದು 1973ರಲ್ಲಿಯೂ ಸ್ಥಾಪಿತವಾದುವು. 2009ರಿಂದ ಈ ಪರೀಕ್ಷೆಯು ಕಾಗದದ ಮೇಲೆ ನಡೆಯದೆ ಕಂಪ್ಯೂಟರಿನ ಮೇಲೆ ನಡೆಯುತ್ತದೆ. ಜಮ್‌ಷೆಡ್‌ಪುರದ ಸಂಸ್ಥೆಯೊಂದು ನಡೆಸುವ ಕ್ಸ್ಯಾಟ್, ದೇಶಕ್ಕೆಲ್ಲ ಸೇರಿದ ಸಿ-ಮ್ಯಾಟ್, ನಮ್ಮ ರಾಜ್ಯದ ಪರೀಕ್ಷಾ ಪ್ರಾಧಿಕಾರದವರ ಪಿ.ಜಿ.ಸಿ.ಇ.ಟಿ. ಮುಂತಾದುವುಗಳೂ ಉಂಟು. ಹೆಸರುಗಳು ಬೇರೆಯಾದರೂ ಎಲ್ಲದರಲ್ಲಿಯೂ ತರ್ಕಕ್ಕೆ ಸ್ಥಾನವಿದೆ. ಕ್ಯಾಟಿನಲ್ಲಿ ಭಾಷೆ, ತರ್ಕ, ಗಣಿತ ಎಂದು ಮೂರು ಭಾಗಗಳು. 2020ರಿಂದ ಒಂದೊಂದಕ್ಕೂ 40 ನಿಮಿಷಗಳ ಅವಧಿ. ಒಂದರ ಕಾಲವನ್ನು ಉಳಿಸಿ ಮತ್ತೊಂದಕ್ಕೆ ಬಳಸಲು ಬರುವುದಿಲ್ಲ. ಅನೇಕ ಸಂಸ್ಥೆಗಳು ಒಟ್ಟು ಸ್ಥಾನವನ್ನಲ್ಲದೆ ಪ್ರತಿಯೊಂದು ಭಾಗದಲ್ಲಿಯೂ ಇಂತಿಷ್ಟು ಇರಲೇಬೇಕೆಂದು ವಿಧಿಸುವುದರಿಂದ, ಎರಡು ಭಾಗಗಳಲ್ಲಿ ಗೆದ್ದು ಒಂದರಲ್ಲಿ ಸೋತವರಿಗೂ ಬಾಗಿಲು ಮುಚ್ಚಿಹೋಗುವುದು. ನಮ್ಮ ಹುಡುಗಿಗೆ ಆದುದು ಇದೇ.

ಇನ್ನು ಪ್ರಶ್ನೆಗಳಿಗೆ ಬರೋಣ. ಮೊದಲ ದಿನ ಅವಳ ಪುಸ್ತಕದ ಮಾದರಿಯಲ್ಲಿ, ನಮ್ಮ ಮನೆಯ ಊಟದ ಪಂಕ್ತಿಯನ್ನೇ ಇಟ್ಟುಕೊಂಡು ಒಂದು ಪ್ರಶ್ನೆಯನ್ನು ಅವಳು ತಯಾರು ಮಾಡಿ ನನಗೆ ಕೊಟ್ಟಳು. ಅಜ್ಜ, ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮ, ಅಣ್ಣ, ತಂಗಿ ಎಂಬ ಆರು ಮಂದಿ ಒಂದೇ ಸಾಲಿನಲ್ಲಿ ಪೂರ್ವಾಭಿಮುಖವಾಗಿ ಕುಳಿತಿದ್ದಾರೆ. (1) ಅಜ್ಜನು ಸಾಲಿನ ಒಂದು ಕೊನೆಯಲ್ಲಿದ್ದಾನೆ. (2) ಅಜ್ಜನಿಗೂ ಅಜ್ಜಿಗೂ ನಡುವೆ ಸರಿಯಾಗಿ ಇಬ್ಬರು ಕುಳಿತಿದ್ದಾರೆ. (3) ಅಜ್ಜಿಯ ಬಲಕ್ಕೆ ಒತ್ತಿನಲ್ಲಿಯೇ ಚಿಕ್ಕಮ್ಮ ಇದ್ದಾಳೆ. (4) ಚಿಕ್ಕಪ್ಪನು ಅಜ್ಜನ ಪಕ್ಕದಲ್ಲಿದ್ದಾನೆ. (5) ತಂಗಿಯು ಅಣ್ಣನ ಎಡಕ್ಕೆ ಒತ್ತಿನಲ್ಲಿ ಕುಳಿತಿದ್ದಾಳೆ. ಹಾಗಾದರೆ ಎಡಗಡೆಯ ಕೊನೆಯಲ್ಲಿ ಇರುವವರು ಯಾರು?

ನಾನು ಕಾಗದದ ಮೇಲೆ ಎಡದಿಂದ ಬಲಕ್ಕೆ ಆರು ಮನೆಗಳನ್ನು ಬರೆದೆನು. ಅಜ್ಜನನ್ನು ಮೊದಲನೆಯ ಮನೆಯಲ್ಲಿ ಕೂರಿಸಿದೆನು. ಅಜ್ಜಿ ನಾಲ್ಕನೆಯದಕ್ಕೆ ಬಂದಳು, ಚಿಕ್ಕಮ್ಮ ಐದನೆಯದಕ್ಕೆ. ಚಿಕ್ಕಪ್ಪನು ಅಜ್ಜನ ಪಕ್ಕದ ಎರಡನೆಯ ಮನೆಯಲ್ಲಿ ಕುಳಿತನು. ಉಳಿದ ಮನೆಗಳು ಮೂರನೆಯದು ಮತ್ತು ಆರನೆಯದು. ಅಣ್ಣ ತಂಗಿಯರು ಒತ್ತೊತ್ತಾಗಿ ಕೂರುವುದಾದರೂ ಹೇಗೆ? ನಾನು ಕನ್ನಡಕವನ್ನು ತೆಗೆದಿಟ್ಟು, “ನಿನ್ನ ಪ್ರಶ್ನೆಯಲ್ಲಿಯೇ ದೋಷವಿದೆ ಕಣಮ್ಮ” ಎಂದು ಗಂಭೀರವಾಗಿ ಹೇಳಿಬಿಟ್ಟೆನು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ಮೆಲ್ಲನೆ, “ತಾತ, ಸಾಲಿಗೆ ಎರಡು ಕೊನೆ ಇರುತ್ತದಲ್ಲವೆ?” ಎಂದಳು.

ನಾಚಿಕೆಯಿಂದ ಮತ್ತೆ ಕನ್ನಡಕವನ್ನು ಹಾಕಿಕೊಂಡೆನು. ಅಜ್ಜನನ್ನು ಆರನೆಯ ಮನೆಗೆ ಕಳುಹಿಸಿದರೆ ಅಜ್ಜಿ ಮೂರನೆಯದಕ್ಕೂ, ಚಿಕ್ಕಮ್ಮ ನಾಲ್ಕನೆಯದಕ್ಕೂ, ಚಿಕ್ಕಪ್ಪ ಐದನೆಯದಕ್ಕೂ ಬರುತ್ತಾರೆ. ಮೊದಲಿನ ಎರಡು ಮನೆಗಳು ಖಾಲಿ. ತಂಗಿ ಒಂದರಲ್ಲಿ, ಅಣ್ಣ ಎರಡರಲ್ಲಿ. ಎಲ್ಲಾ ನಿಬಂಧನೆಗಳೂ ಸರಿಹೋದುವು; ಎಡಗಡೆಯ ಕೊನೆಯಲ್ಲಿರುವವಳು ತಂಗಿ. ನಾನು ತಪ್ಪಿದುದು ಎಲ್ಲಿ? ನಮ್ಮ ಮನೆಯಲ್ಲಿ ಹಿರಿಯರು ಪಂಕ್ತಿಯ ಮೊದಲಿಗೆ ಕುಳಿತುಕೊಳ್ಳುವುದು ವಾಡಿಕೆ. ಪ್ರಶ್ನೆಯಲ್ಲಿ “ಒಂದು ಕೊನೆ” ಎಂದಿದ್ದುದನ್ನು ನನ್ನ ಕಣ್ಣು ಓದಿತು, ನನ್ನ ವಾಡಿಕೆಯು ಅದನ್ನು “ಮೊದಲ ಕೊನೆ” ಎಂದು ತಿದ್ದಿಕೊಂಡಿತು. ನಾನು ಎಣಿಸಿದ ಎಣಿಕೆಯಲ್ಲಿ ಲೋಪವಿರಲಿಲ್ಲ. ಹೇಳದೆ ಇದ್ದ ಮಾತೊಂದನ್ನು ಹೇಳಿದಂತೆ ಭಾವಿಸಿದುದೇ ಲೋಪ.

ಮಹನೀಯರೇ, ಮೂರು ತಿಂಗಳ ಅಭ್ಯಾಸದ ಸಾರವೆಲ್ಲವೂ ಆ ಮೊದಲನೆಯ ದಿನವೇ ನನಗೆ ದೊರೆತುಹೋಯಿತೆಂದು ಹೇಳಬೇಕು. ಈ ಪ್ರಶ್ನೆಗಳು ಪರೀಕ್ಷಿಸುವುದು ಚುರುಕುತನವನ್ನಲ್ಲ. ಎದುರಿಗೆ ಇರುವ ಮಾತು ಯಾವುದು, ನಾವು ಅದಕ್ಕೆ ಸೇರಿಸಿದ ಮಾತು ಯಾವುದು ಎಂಬ ವಿವೇಕವನ್ನು. ಈ ಒಂದು ಸೂತ್ರವನ್ನು ಹಿಡಿದುಕೊಂಡರೆ ಪ್ರಶ್ನೆಗಳ ಎಲ್ಲಾ ಬಗೆಗಳೂ ತಮ್ಮ ಗುಟ್ಟನ್ನು ಬಿಟ್ಟುಕೊಡುತ್ತವೆ.

ಪಂಕ್ತಿಯ ಬಗೆಯವನ್ನು ಬಿಡಿಸುವ ಕ್ರಮವು ಹೀಗೆ. ಮೊದಲು ನಿಬಂಧನೆಗಳೆಲ್ಲವನ್ನೂ ಕೊನೆಯ ತನಕ ಓದಬೇಕು. ಅರ್ಧ ಓದಿ ಬರೆಯಲಾರಂಭಿಸಕೂಡದು. ಎರಡನೆಯದಾಗಿ, ಅತ್ಯಂತ ಕಡಿಮೆ ಅವಕಾಶವನ್ನು ಕೊಡುವ ನಿಬಂಧನೆಯಿಂದ ತೊಡಗಬೇಕು. “ಕೊನೆಯಲ್ಲಿದ್ದಾನೆ” ಎಂದರೆ ಎರಡೇ ಸ್ಥಾನಗಳು. “ತಂಗಿ ಅಣ್ಣನ ಎಡಕ್ಕೆ” ಎಂದರೆ ಐದು ಬಗೆಗಳು. ಆದಕಾರಣ ಮೊದಲನೆಯದರಿಂದಲೇ ಹೊರಡುವುದು ಲೇಸು. ಮೂರನೆಯದಾಗಿ, ಎರಡು ಪಕ್ಷಗಳಿದ್ದರೆ ಎರಡನ್ನೂ ಅಕ್ಕಪಕ್ಕದಲ್ಲಿ ಬರೆದು, ವಿರೋಧ ಬಂದುದನ್ನು ಹೊಡೆದುಹಾಕಬೇಕು. ನಾಲ್ಕನೆಯದಾಗಿ, ಸಾಲು ಸಿದ್ಧವಾದ ಮೇಲೆ ಒಂದೊಂದು ನಿಬಂಧನೆಯನ್ನೂ ಮತ್ತೊಮ್ಮೆ ಓದಿ ತಾಳೆ ನೋಡಬೇಕು. ಇದು ಗೃಹಿಣಿಯರು ತಿಂಗಳ ಕೊನೆಯಲ್ಲಿ ಕಿರಾಣಿಯ ಲೆಕ್ಕವನ್ನು ಚೀಟಿಯೊಡನೆ ತಾಳೆ ನೋಡುವಂಥ ಕೆಲಸವೇ ಹೊರತು ಬೇರೆಯಲ್ಲ.

ಎರಡನೆಯ ಬಗೆಯು ಬಿಡಿ ವಾಕ್ಯಗಳಿಂದ ತೀರ್ಮಾನವನ್ನು ತೆಗೆಯುವುದು. ಕ್ಯಾಟಿನಲ್ಲಿ ಈಚೆಗೆ ದೊಡ್ಡ ಗುಂಪುಪ್ರಶ್ನೆಗಳೇ ಹೆಚ್ಚಾದರೂ, ಇತರ ಪರೀಕ್ಷೆಗಳಲ್ಲಿ ಇಂಥವು ಬರುತ್ತಲೇ ಇರುತ್ತವೆ. ಒಂದು ಉದಾಹರಣೆ: “ಎಲ್ಲಾ ಮಲ್ಲಿಗೆಗಳೂ ಹೂಗಳು. ಕೆಲವು ಹೂಗಳಿಗೆ ಸುವಾಸನೆ ಉಂಟು. ಆದುದರಿಂದ ಮಲ್ಲಿಗೆಗೆ ಸುವಾಸನೆ ಉಂಟು.” ಇದು ಸರಿಯೇ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಸರಿಯೆಂದೇ ಹೇಳಿಬಿಡಬಹುದು. ಮಲ್ಲಿಗೆಯ ಪರಿಮಳವನ್ನು ಅರಿಯದವರು ಯಾರು! ಆದರೆ ಅದೇ ವಾಕ್ಯಗಳಲ್ಲಿ ಮಲ್ಲಿಗೆಯಿದ್ದ ಕಡೆ ದಾಸವಾಳವನ್ನಿಟ್ಟು ನೋಡಿರಿ. “ಎಲ್ಲಾ ದಾಸವಾಳಗಳೂ ಹೂಗಳು. ಕೆಲವು ಹೂಗಳಿಗೆ ಸುವಾಸನೆ ಉಂಟು.” ಇವೆರಡೂ ನಿಜ. ಹಾಗೆಂದು ನಮ್ಮ ಹಿತ್ತಿಲಿನ ದಾಸವಾಳವು ಕಂಪನ್ನು ಬೀರುವುದೇ? ತೀರ್ಮಾನವು ಲೋಕದಲ್ಲಿ ಸತ್ಯವಾಗಿದ್ದರೆ ಸಾಲದು. ಕೊಟ್ಟ ಮಾತುಗಳಿಂದಲೇ ಹುಟ್ಟಬೇಕು. ಮಲ್ಲಿಗೆಯ ಕಂಪು ನಮ್ಮ ಮೂಗಿನಿಂದ ಬಂದುದೇ ವಿನಾ ಆ ವಾಕ್ಯಗಳಿಂದ ಬಂದುದಲ್ಲ.

ಇಲ್ಲಿ “ಕೆಲವು” ಎಂಬ ಶಬ್ದದ ವಿಷಯದಲ್ಲಿಯೂ ಎಚ್ಚರವು ಅವಶ್ಯಕ. “ಕೆಲವು ಮಾವಿನಹಣ್ಣು ಹುಳಿ” ಎಂದು ಮನೆಯಲ್ಲಿ ಅಂದರೆ, ಮಿಕ್ಕುವು ಸಿಹಿಯೆಂದೇ ನಾವು ತಿಳಿಯುತ್ತೇವೆ. ಪರೀಕ್ಷೆಯಲ್ಲಿ ಹಾಗಲ್ಲ. ಅಲ್ಲಿ “ಕೆಲವು” ಎಂದರೆ ಒಂದಾದರೂ ಉಂಟು ಎಂದಷ್ಟೇ ಅರ್ಥ. ಬುಟ್ಟಿಯ ಹಣ್ಣೆಲ್ಲವೂ ಹುಳಿಯಾಗಿದ್ದರೂ ಆ ಮಾತು ಸುಳ್ಳಾಗದು. ಇಂಥ ವಾಕ್ಯಗಳನ್ನು ವೃತ್ತಗಳಾಗಿ ಬರೆದು ನೋಡುವ ಸುಲಭವಾದ ಪದ್ಧತಿಯೊಂದನ್ನು ಜಾನ್ ವೆನ್ ಎಂಬ ಆಂಗ್ಲ ವಿದ್ವಾಂಸನು 1880ರಲ್ಲಿ ಪ್ರಕಟಿಸಿದನು. ಹೂಗಳಿಗೆ ಒಂದು ದೊಡ್ಡ ವೃತ್ತ, ಅದರೊಳಗೆ ಮಲ್ಲಿಗೆಗೆ ಒಂದು ಚಿಕ್ಕ ವೃತ್ತ. ಸುವಾಸನೆಯ ವೃತ್ತವು ಹೂಗಳ ವೃತ್ತವನ್ನು ಎಲ್ಲಿಯಾದರೂ ಕತ್ತರಿಸಬೇಕು. ಮಲ್ಲಿಗೆಯನ್ನು ಮುಟ್ಟಲೇಬೇಕೆಂಬ ನಿರ್ಬಂಧವಿಲ್ಲ. ತೀರ್ಮಾನವು ಸುಳ್ಳಾಗುವಂತೆ ಒಂದೇ ಒಂದು ಚಿತ್ರವನ್ನು ಬರೆಯಲು ಸಾಧ್ಯವಾದರೂ ಸಾಕು, ಆ ತೀರ್ಮಾನವನ್ನು ತಳ್ಳಿಹಾಕತಕ್ಕದ್ದು.

ಮೂರನೆಯದು “ಹೀಗಾದರೆ ಹಾಗೆ” ಎಂಬ ಬಗೆ. ಇಲ್ಲಿ ನಮ್ಮ ನ್ಯಾಯಶಾಸ್ತ್ರವು ನನ್ನ ಕೈಹಿಡಿಯಿತು. 17ನೆಯ ಶತಮಾನದ ಅನ್ನಂಭಟ್ಟನು ಬಾಲಕರಿಗೋಸ್ಕರ ರಚಿಸಿದ ತರ್ಕಸಂಗ್ರಹವನ್ನು ಓದಿದವರಿಗೆಲ್ಲ ಬೆಟ್ಟದ ಮೇಲಿನ ಹೊಗೆಯು ಗೊತ್ತು. ಹೊಗೆಯಿರುವ ಕಡೆಯಲ್ಲೆಲ್ಲ ಬೆಂಕಿಯುಂಟು ಎಂಬುದು ವ್ಯಾಪ್ತಿ. ಆದ್ದರಿಂದ ಬೆಟ್ಟದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬಹುದು. ಇದನ್ನೇ ತಿರುಗಿಸಿ, ಬೆಂಕಿಯಿರುವ ಕಡೆಯಲ್ಲೆಲ್ಲ ಹೊಗೆಯುಂಟು ಎನ್ನಬಹುದೇ? ಕೂಡದು. ಕಮ್ಮಾರನ ಕುಲುಮೆಯಿಂದ ತೆಗೆದ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಬೆಂಕಿಯೊಡನೆ ಹಸಿಯ ಸೌದೆಯು ಸೇರಿದಾಗಲೇ ಹೊಗೆ. ಬೆಂಕಿಯಿಂದ ಹೊಗೆಯನ್ನು ಊಹಿಸುವ ಈ ತಪ್ಪು ಹೇತುವಿಗೆ ಶಾಸ್ತ್ರದಲ್ಲಿ ಸವ್ಯಭಿಚಾರವೆಂದು ಹೆಸರು. ಆದರೆ ಬೆಂಕಿಯೇ ಇಲ್ಲದ ಕೆರೆಯಲ್ಲಿ ಹೊಗೆಯೂ ಇಲ್ಲ ಎನ್ನುವುದು ನಿರ್ದುಷ್ಟ. ಪರೀಕ್ಷೆಯ ಭಾಷೆಯಲ್ಲಿ ಹೇಳುವುದಾದರೆ, “ಮಳೆ ಬಂದರೆ ಅಂಗಳ ನೆನೆಯುತ್ತದೆ” ಎಂಬುದರಿಂದ, ಅಂಗಳವು ನೆನೆದಿಲ್ಲವಾದರೆ ಮಳೆ ಬಂದಿಲ್ಲವೆಂದು ಹೇಳಬಹುದು. ಅಂಗಳವು ನೆನೆದಿದೆಯಾದರೆ ಏನನ್ನೂ ಹೇಳಲಾಗದು. ಮನೆಯಾಕೆಯು ನೀರು ಹಾಕಿ ಸಾರಿಸಿದ್ದಿರಬಹುದು.

“ಮಾತ್ರ” ಎಂಬ ಎರಡಕ್ಷರವೂ ಇಂಥದೇ. “ಶುಲ್ಕ ಕಟ್ಟಿದವರಿಗೆ ಮಾತ್ರ ಪ್ರವೇಶ” ಎಂದರೆ ಶುಲ್ಕ ಕಟ್ಟದವರಿಗೆ ಪ್ರವೇಶವಿಲ್ಲವೆಂದು ಅರ್ಥವೇ ಹೊರತು, ಕಟ್ಟಿದವರಿಗೆಲ್ಲ ಪ್ರವೇಶ ಸಿಕ್ಕೇ ಸಿಕ್ಕುವುದೆಂದು ಅರ್ಥವಲ್ಲ. ಈ ಭೇದವನ್ನು ತಿಳಿಯದೆ ಎಷ್ಟು ಮಂದಿ ಗೃಹಸ್ಥರು ಎಷ್ಟು ಕಡೆ ಹಣವನ್ನು ಕಟ್ಟಿ ಕೈಸುಟ್ಟುಕೊಂಡಿಲ್ಲ!

ನಾಲ್ಕನೆಯ ಬಗೆಯು ವಾದದಲ್ಲಿ ಅಡಗಿರುವ ಆಧಾರವನ್ನು ಹುಡುಕುವುದು. “ನಮ್ಮ ಊರಿನ ವಾಚನಾಲಯವನ್ನು ರಾತ್ರಿ 8 ಗಂಟೆಯವರೆಗೆ ತೆರೆದಿಟ್ಟರೆ ಓದುವವರ ಸಂಖ್ಯೆ ಹೆಚ್ಚುವುದು” ಎಂದು ಒಬ್ಬನು ಹೇಳುತ್ತಾನೆ. ಈ ಮಾತು ಯಾವುದರ ಮೇಲೆ ನಿಂತಿದೆ? ಹಗಲು ಬರಲಾಗದೆ, ರಾತ್ರಿ ಬರಬಲ್ಲ ಓದುಗರು ಊರಿನಲ್ಲಿ ಇದ್ದಾರೆ ಎಂಬುದರ ಮೇಲೆ. ಅದು ಆಧಾರವೇ ಅಲ್ಲವೇ ಎಂದು ತಿಳಿಯಲು ಒಂದು ಉಪಾಯವಿದೆ. ಆ ಮಾತನ್ನು ಇಲ್ಲವೆಂದು ಭಾವಿಸಿ ನೋಡಿರಿ. ಅಂಥ ಓದುಗರು ಒಬ್ಬರೂ ಇಲ್ಲವೆಂದರೆ ವಾದವು ಕುಸಿದು ಬೀಳುತ್ತದೆ. ಆದಕಾರಣ ಅದೇ ಆಧಾರ. “ವಾಚನಾಲಯದಲ್ಲಿ ಒಳ್ಳೆಯ ಕಾದಂಬರಿಗಳಿವೆ” ಎಂಬುದನ್ನು ಅಲ್ಲಗಳೆದರೂ ವಾದವು ಹೇಗೋ ನಿಲ್ಲುತ್ತದೆ. ಆದುದರಿಂದ ಅದು ಆಧಾರವಲ್ಲ. ಕಂಬವನ್ನು ತೆಗೆದರೆ ಚಪ್ಪರ ಬೀಳುತ್ತದೆ, ತೋರಣವನ್ನು ತೆಗೆದರೆ ಬೀಳುವುದಿಲ್ಲ.

ಇಷ್ಟೆಲ್ಲವನ್ನೂ ಕಲಿತ ಮೇಲೆಯೂ ಹುಡುಗಿಯು ಗಡಿಯಾರವನ್ನಿಟ್ಟುಕೊಂಡು ಬರೆದಾಗ ಅಂಕಗಳು ಏರಲಿಲ್ಲ. ಕಾರಣವನ್ನು ಹುಡುಕುತ್ತ ಅವಳ ಬಳಿಯೇ ಕುಳಿತು ನೋಡಿದೆನು. ಕ್ಯಾಟಿನ ಈ ಭಾಗದಲ್ಲಿ ಈಚಿನ ವರ್ಷಗಳಲ್ಲಿ ಸುಮಾರು 20ರಿಂದ 22 ಪ್ರಶ್ನೆಗಳು, ನಾಲ್ಕು ಐದರ ಗುಂಪುಗಳಾಗಿ ಬರುತ್ತವೆ. ಮಗುವು ಮೊದಲು ಕಣ್ಣಿಗೆ ಬಿದ್ದ ಗುಂಪನ್ನೇ ಹಿಡಿದು, ಅದು ಬಗ್ಗದಿದ್ದರೂ ಬಿಡದೆ, 40 ನಿಮಿಷಗಳಲ್ಲಿ 25ನ್ನು ಅದರ ಮೇಲೆಯೇ ಸುರಿದುಬಿಡುತ್ತಿದ್ದಳು. “ಅರ್ಧಕ್ಕೆ ಬಿಟ್ಟರೆ ಸೋತ ಹಾಗಾಗುತ್ತದೆ ತಾತ” ಎಂದಳು. ಈ ಹಟವನ್ನು ಅವಳಿಗೆ ಕಲಿಸಿದವರು ನಾವೇ ಅಲ್ಲವೆ? ಹಿಡಿದ ಕೆಲಸವನ್ನು ಬಿಡಬೇಡವೆಂದು ಚಿಕ್ಕಂದಿನಿಂದಲೂ ಹೇಳಿದವರು ನಾವೇ. ಆದರೆ ಸಂತೆಗೆ ಹೋದ ಗೃಹಿಣಿಯು ಮೊದಲ ಅಂಗಡಿಯಲ್ಲಿಯೇ ಚೌಕಾಸಿ ಮಾಡುತ್ತ ಹೊತ್ತು ಮುಳುಗಿಸುವುದಿಲ್ಲ. ಒಂದು ಸುತ್ತು ಬಂದು, ಯಾವುದು ಎಲ್ಲಿ ಹಸನಾಗಿದೆಯೆಂದು ನೋಡಿ, ಬಳಿಕ ಕೊಳ್ಳುತ್ತಾಳೆ. ಹಾಗೆಯೇ ಮೊದಲ ಐದು ನಿಮಿಷಗಳನ್ನು ಎಲ್ಲಾ ಗುಂಪುಗಳನ್ನೂ ಓದಿ ಆರಿಸುವುದಕ್ಕೆ ಮೀಸಲಿಡಬೇಕೆಂದು ನಿಶ್ಚಯಿಸಿದೆವು. ಹತ್ತು ನಿಮಿಷಗಳಾದರೂ ದಾರಿ ಕಾಣದ ಗುಂಪನ್ನು ಸಂಕೋಚವಿಲ್ಲದೆ ಬಿಡುವುದೆಂದೂ ಗೊತ್ತುಮಾಡಿಕೊಂಡೆವು.

ಊಹೆಯಿಂದ ಉತ್ತರ ಬರೆಯುವುದರ ಲೆಕ್ಕವನ್ನೂ ಒಂದು ಸಂಜೆ ಹಾಕಿ ನೋಡಿದೆವು. ಸರಿಯುತ್ತರಕ್ಕೆ 3 ಅಂಕ. ಆಯ್ಕೆಗಳಿರುವ ಪ್ರಶ್ನೆಯಲ್ಲಿ ತಪ್ಪಿದರೆ 1 ಅಂಕ ಕಳೆಯುತ್ತಾರೆ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಆರಿಸುತ್ತ ಹೋದರೆ, ನಾಲ್ಕು ಸಲಕ್ಕೆ ಸರಾಸರಿ ಒಮ್ಮೆ 3 ಬಂದು ಮೂರು ಸಲ ಒಂದೊಂದು ಹೋಗುವುದು. ಕೊನೆಗೆ ಕೈಯಲ್ಲಿ ಉಳಿಯುವುದು ಸೊನ್ನೆ. ಆದರೆ ತರ್ಕದಿಂದ ಒಂದು ಆಯ್ಕೆಯನ್ನಾದರೂ ಖಚಿತವಾಗಿ ತಳ್ಳಿಹಾಕಬಲ್ಲವರಾದರೆ, ಮೂರು ಸಲಕ್ಕೆ 3 ಬಂದು 2 ಹೋಗಿ, 1 ಉಳಿಯುವುದು. ಅಂದರೆ ಅರ್ಧ ತಿಳಿವಳಿಕೆಗೂ ಬೆಲೆಯುಂಟು, ಕುರುಡು ಧೈರ್ಯಕ್ಕೆ ಇಲ್ಲ. ಆಯ್ಕೆಗಳಿಲ್ಲದೆ ಉತ್ತರವನ್ನೇ ಬರೆಯಬೇಕಾದ ಪ್ರಶ್ನೆಗಳಲ್ಲಿ ತಪ್ಪಿದರೂ ಅಂಕವನ್ನು ಕಳೆಯುವುದಿಲ್ಲವಾದುದರಿಂದ, ಅವುಗಳನ್ನು ಖಾಲಿ ಬಿಡತಕ್ಕದ್ದಲ್ಲ.

ವೈಶಾಖದಲ್ಲಿ ಹುಡುಗಿಯ ತಂದೆಯು ಮತ್ತೆ ಬಂದನು. ನಾನು ಅವನನ್ನು ಎದುರಿಗೆ ಕೂರಿಸಿಕೊಂಡು, “ನೀನು ಅಂದು ಹೇಳಿದ ಮಾತನ್ನು ಪರೀಕ್ಷೆಗೆ ಇಡೋಣವಪ್ಪ” ಎಂದೆನು. “ಇವಳಿಗೆ ತರ್ಕಬುದ್ಧಿಯಿಲ್ಲ ಎಂಬುದು ನಿನ್ನ ಪ್ರತಿಜ್ಞೆ. ತರ್ಕದ ಭಾಗದಲ್ಲಿ ಸೋತಳು ಎಂಬುದು ಹೇತು. ಹಾಗಾದರೆ ಇಂಥ ಪ್ರಶ್ನೆಯಲ್ಲಿ ಸೋತವರಿಗೆಲ್ಲ ತರ್ಕಬುದ್ಧಿಯಿಲ್ಲ ಎಂಬ ವ್ಯಾಪ್ತಿಯನ್ನು ನೀನು ಒಪ್ಪಬೇಕು. ಊಟದ ಪಂಕ್ತಿಯ ಪ್ರಶ್ನೆಯಲ್ಲಿ ನಿನ್ನ ಮಗಳ ಮುಂದೆ ನಾನೇ ಸೋತೆನು. ತರ್ಕಸಂಗ್ರಹವನ್ನು ಓದಿದ ಸೋದರಮಾವನಿಗೆ ತರ್ಕಬುದ್ಧಿಯಿಲ್ಲವೆನ್ನುತ್ತೀಯಾ?” ಅವನು, “ಛೇ ಛೇ, ಎಲ್ಲಾದರೂ ಉಂಟೆ ಮಾವ!” ಎಂದನು. “ಹಾಗಾದರೆ ನಿನ್ನ ವಾದಕ್ಕೆ ನಾನೇ ಕಾದ ಕಬ್ಬಿಣದ ಗುಂಡು” ಎಂದೆನು. ಒಳಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿಯು ನಕ್ಕಳು. ಹೊಗೆಯ ಕಥೆಯನ್ನು ತಂದೆಗೆ ಅವಳೇ ವಿವರಿಸಿದಳು; ನಾನು ಹೇಳುವುದಕ್ಕಿಂತ ಚೆನ್ನಾಗಿಯೇ ವಿವರಿಸಿದಳು. ಅವನು ಬಹಳ ಹೊತ್ತು ಮಗಳ ಮುಖವನ್ನೇ ನೋಡುತ್ತಿದ್ದು, “ಇನ್ನೊಂದು ಸಲ ಬರೆಯಲಿ” ಎಂದನು.

ಅವಳು ಈ ವರ್ಷದ ಕೊನೆಗೆ ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳುವಳು. ಅಭ್ಯಾಸಪತ್ರಿಕೆಗಳಲ್ಲಿ ಈಗ ಎರಡು ಮೂರು ಗುಂಪುಗಳನ್ನು ನಿರಾತಂಕವಾಗಿ ಬಿಡಿಸುತ್ತಾಳೆ. ಗೆಲ್ಲುವಳೇ? ಚೆನ್ನಾಗಿ ಅಭ್ಯಾಸ ಮಾಡಿದವರಿಗೆ ಮಾತ್ರ ಗೆಲವು ಉಂಟೆಂದು ಹೇಳಬಲ್ಲೆನು. ಅಭ್ಯಾಸ ಮಾಡಿದವರಿಗೆಲ್ಲ ಗೆಲವು ಉಂಟೆಂದು ಹೇಳಿದರೆ ಇಷ್ಟು ಹೊತ್ತು ಬರೆದುದನ್ನು ನಾನೇ ಮರೆತಂತಾಗುವುದು. ಪ್ರತಿವರ್ಷವೂ ಲಕ್ಷಾಂತರ ಮಕ್ಕಳು ಬರೆಯುವ ಪರೀಕ್ಷೆ, ಸ್ಥಾನಗಳೋ ಕೆಲವೇ.

ಆದರೆ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯೊಂದಿದೆ. ನೆರೆಮನೆಯ ಹುಡುಗನು ಇಂಥ ತರಬೇತಿ ಕೇಂದ್ರದಲ್ಲಿ ಓದಿ ತೇರ್ಗಡೆಯಾದನೆಂದು ಕೇಳಿದಾಗ, ಅಲ್ಲಿಯೇ ಓದಿ ತೇರ್ಗಡೆಯಾಗದವರು ಎಷ್ಟು ಮಂದಿ ಎಂದೂ ವಿಚಾರಿಸಿರಿ. ಮಗನೋ ಮಗಳೋ ಒಮ್ಮೆ ಸೋತು ಬಂದಾಗ, ಆ ಸೋಲು ಎಷ್ಟು ಹೇಳುತ್ತದೆಯೋ ಅಷ್ಟನ್ನೇ ಓದಿರಿ. ನಿಮ್ಮ ಭಯವನ್ನು ಅದಕ್ಕೆ ಸೇರಿಸಿ ಓದಬೇಡಿರಿ. ಮಕ್ಕಳು 40 ನಿಮಿಷಗಳ ಕಾಲ ಕಲಿಯಬೇಕಾದ ಈ ಎಚ್ಚರವನ್ನು, ಅವರ ಬಾಳನ್ನು ಕುರಿತು ತೀರ್ಮಾನಿಸುವ ಹೊತ್ತಿನಲ್ಲಿ ತಂದೆತಾಯಿಗಳೂ ಸ್ವಲ್ಪ ಕಲಿಯುವುದು ನ್ಯಾಯವಲ್ಲವೆ?